ಅಗುಳಿಯ ಎಡಗಡೆ

ಹೆತ್ತವರು ಇಟ್ಟ ಹೆಸರು ಶಾಲೆಯಲ್ಲಿ ಹಾಜರಿ ಕೂಗುವಾಗ ಮಾತ್ರ ಕೇಳಿಬರುತ್ತಿತ್ತು. ಉಳಿದಂತೆ ಅವಳು ಎಲ್ಲರಿಗೂ ಅಗುಳಿ. ಲಾಂಡ್ರಿಯ ಹಿಂದಿನ ಓಣಿಯಲ್ಲಿ ಎರಡು ಮುರುಕು ಬಕೆಟ್ಟುಗಳ ನಡುವೆ ನಿಂತು, ತನಗಿಂತ ಎತ್ತರದ ಹುಡುಗರು ಒದ್ದ ಚೆಂಡನ್ನೂ ಅವಳು ಒಳಕ್ಕೆ ಬಿಡುತ್ತಿರಲಿಲ್ಲ. ಬಾಗಿಲಿಗೆ ಅಗುಳಿ ಹಾಕಿದ ಹಾಗೆ ನಿಲ್ಲುತ್ತಾಳೆ ಎಂದು ಯಾರೋ ಅಂದರು, ಹೆಸರು ಅಂಟಿಕೊಂಡಿತು. ಮೊಣಕೈ ತರಚಿಕೊಂಡು ಮನೆಗೆ ಬಂದಾಗಲೆಲ್ಲ ತಾಯಿ, "ಈ ಅಗುಳಿ ತುಕ್ಕು ಹಿಡಿಯೋ ಹಾಗಿಲ್ಲ, ದಿನಾ ಉಜ್ಜಿಸಿಕೊಂಡೇ ಬರುತ್ತೆ" ಎಂದು ಗಾಯ ತೊಳೆಯುತ್ತಿದ್ದಳು.

ತಾಯಿ ಆ ಲಾಂಡ್ರಿಯಲ್ಲೇ ಇಸ್ತ್ರಿ ಮಾಡುವವಳು. ಗಂಡ ತೀರಿಹೋದ ಮೇಲೆ ಆ ಮೇಜಿನ ಮುಂದೆ ನಿಂತವಳು ಕುಳಿತದ್ದೇ ಅಪರೂಪ. ಬರಬರುತ್ತಾ ಬಲಗೈ ಹೆಗಲಿನಿಂದ ಮೇಲೆ ಏಳದಾಯಿತು. ತಲೆ ಬಾಚಿಕೊಳ್ಳಲೂ ಮಗಳೇ ಬೇಕಾಯಿತು. ಒಂದು ದಿನ ಹೀಗೆ ಬಾಚಿಸಿಕೊಳ್ಳುತ್ತಾ, ಈ ವರ್ಷ ಮುಗಿದ ಮೇಲೆ ನೀನೂ ಬಂದು ನನ್ನ ಪಕ್ಕ ನಿಲ್ಲಬೇಕು ಎಂದಳು. ಮಗಳ ಕೈಯಲ್ಲಿದ್ದ ಬಾಚಣಿಗೆ ನಿಂತುಬಿಟ್ಟಿತು. ತಪ್ಪಿಸಿಕೊಳ್ಳಲು ಒಂದೇ ದಾರಿಯಿತ್ತು. ಶಾಲೆಯ ಹುಡುಗಿಯರ ಫುಟ್‌ಬಾಲ್ ತಂಡದಲ್ಲಿ ಆಡಿದವರನ್ನು ಕ್ರೀಡಾ ಶಾಲೆಯವರು ಕರೆದೊಯ್ಯುತ್ತಿದ್ದರು. ಊಟ, ವಸತಿ, ಓದು ಎಲ್ಲವೂ ಅಲ್ಲೇ.

"ತಂಡಕ್ಕೆ ಸೇರಿದರೆ ಹೋಗು, ನಾನು ಅಡ್ಡ ಬರಲ್ಲ" ಎಂದಳು ತಾಯಿ. "ಸೇರದಿದ್ದರೆ ಅಳಬಾರದು."

ಆಯ್ಕೆಗೆ ಇನ್ನೂ ಕೆಲವು ತಿಂಗಳು ಇರುವಾಗ, ರಜೆಯ ದಿನ, ಅಗುಳಿ ತಾಯಿಗೆ ನೆರವಾಗಲೆಂದು ಲಾಂಡ್ರಿಗೆ ಹೋದಳು. ಮಕ್ಕಳನ್ನು ಒಳಗೆ ಕರೆತರಬಾರದೆಂದು ಮಾಲೀಕ ಖಂಡಿತವಾಗಿ ಹೇಳಿದ್ದ. ಅವನು ಊರಲ್ಲಿರಲಿಲ್ಲ. ತಂತಿಯ ಹ್ಯಾಂಗರುಗಳ ದೊಡ್ಡ ಕಟ್ಟೊಂದನ್ನು ಬಿಚ್ಚುವಾಗ ಬಿಗಿದಿದ್ದ ದಾರ ಪಟ್ಟನೆ ಹರಿಯಿತು. ಒಂದು ತಂತಿಯ ತುದಿ ಚಿಮ್ಮಿ ಅವಳ ಎಡಗಣ್ಣಿಗೆ ತಾಗಿತು.

ತಾಯಿ ತಣ್ಣೀರಿನಲ್ಲಿ ತೊಳೆದು, ಮೆತ್ತನೆಯ ಬಟ್ಟೆ ಒತ್ತಿ, ಮಗಳನ್ನು ಹಿಂಬಾಗಿಲಿನಿಂದ ಮನೆಗೆ ಕಳಿಸಿದಳು. ಆಸ್ಪತ್ರೆಗೆ ಹೋದರೆ ಹೇಗಾಯಿತು, ಎಲ್ಲಾಯಿತು ಎಂದು ಕೇಳುತ್ತಾರೆ. ಮಾತು ಮಾಲೀಕನ ಕಿವಿಗೆ ಬಿದ್ದರೆ ಇರುವ ಕೆಲಸಕ್ಕೂ ಸಂಚಕಾರ. ಶಾಲೆಯಲ್ಲಿ ಕಣ್ಣುಬೇನೆ ಎಂದು ಹೇಳಿದ್ದಾಯಿತು. ಕೆಂಪು ಇಳಿಯಿತು, ಊತ ಇಳಿಯಿತು. ನೋಡಿದವರಿಗೆ ಕಣ್ಣು ಮೊದಲಿನಂತೆಯೇ ಇತ್ತು. ಒಳಗಿನಿಂದ ನೋಡುವವಳಿಗೆ ಮಾತ್ರ ಆ ಕಡೆ ಒದ್ದೆ ಬಟ್ಟೆ ತೂಗುಹಾಕಿದ ಹಾಗಿತ್ತು. ತಾಯಿ ಕೇಳಿದಾಗ, ತಿಳಿಯಾಗುತ್ತಿದೆ ಎಂದಳು. ತಾಯಿಯೂ ಅದನ್ನೇ ಕೇಳಲು ಕಾದಿದ್ದವಳು, ನಂಬಿದಳು.

ನಿಜ ತಿಳಿದದ್ದು ಒಬ್ಬಳಿಗೆ. ಚಿಕ್ಕಮ್ಮನ ಮಗಳು, ಅಗುಳಿಗಿಂತ ಕೆಲವೇ ತಿಂಗಳಿಗೆ ಚಿಕ್ಕವಳು, ಅದೇ ತರಗತಿ. ಕಡ್ಡಿಯಂಥ ಕಾಲುಗಳಲ್ಲಿ ಹಾರಿ ಹಾರಿ ಓಡುತ್ತಿದ್ದುದರಿಂದ ಅವಳಿಗೆ ಮಿಡತೆ ಎಂದು ಹೆಸರು. ಒಮ್ಮೆ ಅವಳು ಎಡಗಡೆಯಿಂದ ನೀರಿನ ಲೋಟ ನೀಡಿದಳು. ಅಗುಳಿ ಕೈ ಚಾಚಲಿಲ್ಲ. ಲೋಟವನ್ನು ಇನ್ನೂ ಹತ್ತಿರಕ್ಕೆ, ಕೆನ್ನೆಯ ಬಳಿಗೇ ತಂದಳು. ಆಗಲೂ ಇಲ್ಲ. ಮಿಡತೆ ಲೋಟ ಕೆಳಗಿಟ್ಟು ಅಳತೊಡಗಿದಳು.

"ಥೂ, ಕಣ್ಣು ಹೋದದ್ದು ನನಗೆ, ನೀರು ಬರೋದು ನಿನಗಾ?" ಎಂದಳು ಅಗುಳಿ.

ಅಂದಿನಿಂದ ರಸ್ತೆಯಲ್ಲಿ ಮಿಡತೆ ಅವಳ ಎಡಗಡೆಗೇ ನಡೆದಳು. ಬೇರೆ ಯಾರಾದರೂ ಆ ಕಡೆ ಬಂದರೆ ಅಗುಳಿ ಬೆಚ್ಚುತ್ತಿದ್ದಳು, ಇವಳು ಬಂದರೆ ಇಲ್ಲ. ಸಂಜೆಯ ಹೊತ್ತು ಓಣಿಯಲ್ಲಿ ಇಬ್ಬರೂ ಅಭ್ಯಾಸ ಮಾಡಿದರು. ಗೋಲಿನ ನಟ್ಟನಡುವೆ ನಿಲ್ಲದೆ ಎಡಕ್ಕೆ ಸರಿದು ನಿಂತರೆ ಬಲಗಡೆ ಖಾಲಿ ಕಾಣುತ್ತದೆ. ಒದೆಯುವವರು ಆಸೆಬಿದ್ದು ಅಲ್ಲಿಗೇ ಒದೆಯುತ್ತಾರೆ. ಅದು ಒಳ್ಳೆಯ ಕಣ್ಣಿನ ಕಡೆ. ಎಡಕ್ಕೆ ನೋಡಲೇಬೇಕಾದಾಗ ಕೋಳಿಯಂತೆ ಕತ್ತು ಪೂರ್ತಿ ಹೊರಳಿಸಬೇಕು. ಕತ್ತು ಹೊರಳುವತನಕ ಮಿಡತೆ ಚೆಂಡು ಒದೆಯದೆ ಕಾಯುತ್ತಿದ್ದಳು.

ಆಯ್ಕೆಯ ಮೊದಲ ದಿನ ಈ ಉಪಾಯ ಡ್ರಿಲ್ ಮೇಷ್ಟರನ್ನೇ ಬೆರಗುಗೊಳಿಸಿತು. ಗೋಲು ಕಾಯುವ ಜಾಗಕ್ಕೆ ಕೊನೆಗೆ ಉಳಿದವರು ಅಗುಳಿ ಮತ್ತು ಬೇಕರಿಯವನ ಮಗಳು. ಮಿಡತೆ ಎಡಬದಿಯ ಮುಂಚೂಣಿ ಆಟಗಾರ್ತಿಯಾಗಿ ಆಗಲೇ ಆಯ್ಕೆಯಾಗಿದ್ದಳು. ಮೇಷ್ಟರು ಅಗುಳಿಯನ್ನು ಕರೆದು, ಬೇಕೆಂದೇ ಬಲಗಡೆ ಖಾಲಿ ಬಿಡುವುದನ್ನು ಯಾರು ಹೇಳಿಕೊಟ್ಟರು ಎಂದು ಕೇಳಿದರು.

"ಯಾರೂ ಇಲ್ಲ ಸಾರ್, ತಾನಾಗೇ ಬಂತು."

ಅಷ್ಟೇ ಆಗಿದ್ದರೆ ಈ ಕತೆ ಬೇರೆಯಾಗುತ್ತಿತ್ತು. ಆದರೆ ಸಂಜೆ ಎರಡು ಗುಂಪು ಮಾಡಿ ಆಡಿಸಿದಾಗ, ನೆಲದ ಮೇಲಿದ್ದ ಚೆಂಡಿನ ಮೇಲೆ ಅಗುಳಿ ಬಿದ್ದಳು. ಅದೇ ಚೆಂಡಿಗೆಂದು ಒಬ್ಬಳು ಬೀಸಿದ ಬೂಟು ಎಡಗಡೆಯಿಂದ ಬಂದು ಅವಳ ಕಿವಿಯ ಮೇಲಿನ ಕೂದಲನ್ನು ಸವರಿಕೊಂಡು ಹೋಯಿತು. ಬೇರೆ ಯಾರಾದರೂ ತಲೆ ತಗ್ಗಿಸುತ್ತಿದ್ದರು. ಇವಳಿಗೆ ಬೂಟು ಬಂದದ್ದೂ ತಿಳಿಯದು, ಹೋದದ್ದೂ ತಿಳಿಯದು. ಎದ್ದು ನಗುತ್ತಾ ಚೆಂಡು ಎಸೆದಳು. ಸುತ್ತಲಿನವರು ಎಂಥ ಗುಂಡಿಗೆ ಎಂದು ಚಪ್ಪಾಳೆ ತಟ್ಟಿದರು. ಮಿಡತೆ ಮಾತ್ರ ಓಡಿ ಬಂದು ಅವಳ ಕಿವಿಯ ಮೇಲಿನ ಕೂದಲು ಸರಿಸಿ ನೋಡಿದಳು.

ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳು ಗೋಗರೆದಳು. "ಅಕ್ಕಾ, ಇವತ್ತು ಕೂದಲಿಗೆ ತಾಗಿತು. ನಾಳೆ ಇನ್ನೊಂದು ಕಣ್ಣಿಗೆ ತಾಗಿದರೆ? ನೀನೇ ಮೇಷ್ಟರಿಗೆ ಹೇಳಿಬಿಡೇ."

"ಹೇಳಿದರೆ ನಾಳೆಯಿಂದಲೇ ಇಸ್ತ್ರಿ ಮೇಜು. ನಿನಗೇನು, ನೀನು ಸೇರಾಯ್ತಲ್ಲ."

ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ ಎಂದು ಅಗುಳಿ ಅವಳಿಂದ ಆಣೆ ಹಾಕಿಸಿಕೊಂಡಳು.

ಮರುದಿನದ ಪರೀಕ್ಷೆ ಹೀಗಿತ್ತು. ಮೇಷ್ಟರು ಬಲಗಡೆಯಿಂದ ಒಂದು ಚೆಂಡನ್ನು ಎತ್ತರಕ್ಕೆ ಎಸೆಯುವುದು, ಅದನ್ನು ಹಿಡಿದು ಎಸೆದ ಕೂಡಲೇ ಎಡಗಂಬದ ಸಮೀಪದಿಂದ ಇನ್ನೊಂದು ಬರುವುದು. ಎಡಗಡೆ ನಿಂತವಳು ಮಿಡತೆ. ಬೇಕರಿಯವನ ಮಗಳು ಒಂದೆರಡನ್ನು ಬಿಟ್ಟು ಉಳಿದವನ್ನು ತಡೆದಳು. ಅಗುಳಿ ಬಲಗಡೆಯದನ್ನು ಹಿಡಿಯುವಳು, ಕತ್ತು ಹೊರಳಿಸುವಳು, ಮಿಡತೆ ಕಾಯುವಳು, ಆಮೇಲೆ ಒದೆಯುವಳು. ಒಂದೂ ಒಳಗೆ ಹೋಗಲಿಲ್ಲ. ಇನ್ನು ಕೊನೆಯ ಸರದಿ ಎಂದು ಮೇಷ್ಟರು ಕೂಗಿದರು. ಅವರ ಮುಖದಲ್ಲಿ ತೀರ್ಮಾನ ಆಗಲೇ ಕಾಣುತ್ತಿತ್ತು.

ಎತ್ತರದ ಚೆಂಡು ಇನ್ನೂ ಗಾಳಿಯಲ್ಲಿತ್ತು. ಮಿಡತೆ ಕಾಯಲಿಲ್ಲ. ತನ್ನ ಚೆಂಡನ್ನು ಪಾದದ ಒಳಬದಿಯಿಂದ ಮೆಲ್ಲಗೆ ತಳ್ಳಿದಳು, ಅಂಬೆಗಾಲಿನ ಮಗುವಿನ ಕಡೆಗೆ ಆಟಿಕೆ ಉರುಳಿಸುವ ಹಾಗೆ. ಅದು ಹುಲ್ಲಿನ ಮೇಲೆ ತೆವಳುತ್ತಾ, ಅಗುಳಿಯ ಎಡಪಾದದ ಪಕ್ಕದಲ್ಲೇ ಸಾಗಿ, ಗೆರೆ ದಾಟಿ, ಬಲೆಯ ಬುಡದಲ್ಲಿ ನಿಂತಿತು. ಮೈದಾನದಲ್ಲಿದ್ದವರೆಲ್ಲ ಅದನ್ನು ನೋಡಿದರು. ಅಗುಳಿ ಎತ್ತರದ ಚೆಂಡನ್ನು ಚೆಂದವಾಗಿ ಹಿಡಿದಳು, ಎಸೆದಳು, ಕತ್ತು ಹೊರಳಿಸಿ, ಮಂಡಿ ಬಗ್ಗಿಸಿ, ಎರಡೂ ಕೈ ಚಾಚಿ ನಿಂತಳು.

"ಹೂಂ, ಒದಿಯೇ" ಎಂದಳು.

ಯಾರೋ ಕಿಸಕ್ಕನೆ ನಕ್ಕರು, ಆ ನಗು ಅಲ್ಲೇ ನಿಂತಿತು. ಮಿಡತೆಯ ಕಾಲ ಬಳಿ ಚೆಂಡಿಲ್ಲದ್ದನ್ನು ಕಂಡು ಅಗುಳಿ ಬಲಕ್ಕೆ ಹುಡುಕಿದಳು, ಮುಂದೆ ಹುಡುಕಿದಳು. ಮೇಷ್ಟರು ಸದ್ದಿಲ್ಲದೆ ಬಂದು ಅವಳ ಎಡಗೆನ್ನೆಯ ಬಳಿ ಅಂಗೈ ಹಿಡಿದು ನಿಂತರು. ಅವಳು ಮಿಡತೆಯ ಕಡೆಗೇ ನೋಡುತ್ತಾ ಮತ್ತೊಮ್ಮೆ, "ಎಲ್ಲಿಟ್ಟಿದ್ದೀಯ? ಒದಿ" ಎಂದಳು. ಮೇಷ್ಟರು ಕೈ ಇಳಿಸಿದರು.

ಮುಂದಿನದೆಲ್ಲ ಬೇಗ ಬೇಗ ಆಗಿಹೋಯಿತು. ಕಣ್ಣಿನ ಡಾಕ್ಟರು, ಪೆಟ್ಟಾದ ದಿನವೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು, ಈಗ ಇರುವ ಒಂದನ್ನು ಕಾಪಾಡಿಕೊಳ್ಳಿ ಎಂದರು. ಮಾತು ಲಾಂಡ್ರಿಗೆ ತಲುಪಿತು. ತಾಯಿಯ ಕೆಲಸ ಹೋಯಿತು. ಅವಳು ತಂಗಿಯ ಮನೆಯ ಹೊಸ್ತಿಲಲ್ಲಿ ನಿಂತು, ನಿನ್ನ ಮಗಳು ನಮ್ಮ ಹೊಟ್ಟೆಯ ಮೇಲೆ ಹೊಡೆದಳು ಎಂದು ಹೇಳಿ ಬಂದಳು. ಅಕ್ಕತಂಗಿಯರ ನಡುವೆ ಹೋಗಿಬರುವುದು ನಿಂತಿತು. ಮಗಳ ಕಣ್ಣಿನ ಮಾತನ್ನು ಮಾತ್ರ ಆ ತಾಯಿ ಸಾಯುವವರೆಗೂ ಎತ್ತಲಿಲ್ಲ. ತಲೆ ಬಾಚಿಸಿಕೊಳ್ಳುವಾಗ ಕನ್ನಡಿಯನ್ನು ಮಗುಚಿ ಇಡುತ್ತಿದ್ದಳು, ಅಷ್ಟೆ.

ಮಿಡತೆ ಕ್ರೀಡಾ ಶಾಲೆಗೆ ಹೋದಳು. ಅಗುಳಿ ಊರಿನ ಇನ್ನೊಂದು ಲಾಂಡ್ರಿಯ ಇಸ್ತ್ರಿ ಮೇಜಿನ ಮುಂದೆ ನಿಂತಳು. ರಸ್ತೆಯಲ್ಲಿ ಎಡ ಹೆಗಲು ಗೋಡೆಗೆ ಸವರುವಂತೆ ನಡೆಯುವುದನ್ನು ಕಲಿತಳು. ಮೇಜಿನ ಎಡಕ್ಕೆ ಬಟ್ಟೆಯ ಗಂಟುಗಳನ್ನು ಎದೆಯೆತ್ತರಕ್ಕೆ ಪೇರಿಸಿಕೊಳ್ಳುತ್ತಿದ್ದಳು, ಆ ಕಡೆಯಿಂದ ಯಾರೂ ಬರದಂತೆ. ಹೊಸದಾಗಿ ಸೇರಿದವರಿಗೆ ಹಳಬರು, ಅವಳ ಹತ್ತಿರ ಬಲಗಡೆಯಿಂದ ಹೋಗಿ, ಇಲ್ಲವಾದರೆ ಇಸ್ತ್ರಿ ಪೆಟ್ಟಿಗೆ ನಿಮ್ಮ ಮೇಲಿರುತ್ತೆ ಎಂದು ಎಚ್ಚರಿಸುತ್ತಿದ್ದರು.

ಎಷ್ಟೋ ವರ್ಷಗಳ ಮೇಲೆ, ಅಗುಳಿಯ ತಾಯಿ ತೀರಿಹೋದ ಸುದ್ದಿ ತಡವಾಗಿ ತಿಳಿದು, ಮಿಡತೆ ಬಂದಳು. ಈಗ ಅವಳು ಎಲ್ಲೋ ಶಾಲೆಯೊಂದರಲ್ಲಿ ಆಟ ಕಲಿಸುವ ಟೀಚರು. ಮೈ ತುಂಬಿತ್ತು, ಒಂದು ಮಂಡಿ ಸೊಟ್ಟಗಾಗಿತ್ತು. ಬಲಗಡೆಯಿಂದಲೇ ಬಂದು ನಿಂತು ದೊಡ್ಡಮ್ಮನ ವಿಷಯ ಮಾತಾಡಿದಳು. ಅಗುಳಿ ಹೂಂ, ಊಹೂಂ ಎನ್ನುತ್ತಾ ಇಸ್ತ್ರಿ ಮಾಡುತ್ತಿದ್ದಳು. ಆಮೇಲೆ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು.

"ಒಂದು ಕೇಳ್ತೀನಿ. ಅಷ್ಟು ಮೆಲ್ಲಗೆ ಯಾಕೆ ಬಿಟ್ಟೆ? ಜೋರಾಗಿ ಒದ್ದಿದ್ದರೆ ಒಂದು ಗೋಲು ಹೋಯ್ತು ಅಂತಿದ್ದರು, ಅಷ್ಟೆ. ಯಾರಿಗೂ ಗೊತ್ತಾಗ್ತಿರಲಿಲ್ಲ."

"ಹೌದು ಅಕ್ಕಾ" ಎಂದಳು ಮಿಡತೆ. "ಯಾರಿಗೂ ಗೊತ್ತಾಗ್ತಿರಲಿಲ್ಲ."

ಅಗುಳಿ ಎಡಗಡೆಯ ಗಂಟುಗಳಲ್ಲಿ ಒಂದೆರಡನ್ನು ನೆಲಕ್ಕೆ ತಳ್ಳಿ, ಕಾಲಿನಿಂದಲೇ ಸ್ಟೂಲನ್ನು ಆ ಸಂದಿಗೆ ನೂಕಿದಳು.

"ಮಂಡಿ ನೋಯ್ತಿರಬೇಕು. ಕೂತ್ಕೋ."

ಮಿಡತೆ ಸುತ್ತಿ ಬಂದು ಅಲ್ಲಿ ಕುಳಿತಳು. ಅಗುಳಿ ಮುಂದಿನ ಅಂಗಿಯ ಕಾಲರಿಗೆ ನೀರು ಚಿಮುಕಿಸಿ ಇಸ್ತ್ರಿ ಒತ್ತಿದಳು. ಆ ಕಡೆಯಿಂದ ಮಾತಿಲ್ಲ, ಸದ್ದಿಲ್ಲ. ಕುಳಿತಿದ್ದಾಳೋ ಎದ್ದುಹೋದಳೋ ತಿಳಿಯಲಿಲ್ಲ. ಅಗುಳಿ ಕತ್ತು ಹೊರಳಿಸಿ ನೋಡಲಿಲ್ಲ.