ಬಾರದವರ ಹಾಜರಿ

ಸೈನ್ಯದಿಂದ ನಿವೃತ್ತರಾಗಿ ಸರ್ಕಾರಿ ಗುಮಾಸ್ತರ ಪರೀಕ್ಷೆಗೆ ಓದಲು ಇಬಾಗೆ ಊರಿನ ನನ್ನ ಸಂಜೆ ತರಗತಿಗೆ ವರ್ಷಕ್ಕೊಬ್ಬರಾದರೂ ಬರುತ್ತಾರೆ. ಈ ವರ್ಷದವರು ಸಾರ್ಜೆಂಟ್ ಬೊಹೋರ್ಕೆಸ್. ಆರು ಗಂಟೆಯ ತರಗತಿಗೆ ಐದಕ್ಕೇ ಬಂದು ಬೆಂಚುಗಳನ್ನು ಸಾಲಾಗಿ ನಿಲ್ಲಿಸುತ್ತಾರೆ, ನಾನು ಒಳಗೆ ಬಂದರೆ ಎದ್ದು ಹಿಮ್ಮಡಿ ಬಡಿಯುತ್ತಾರೆ. ರಜೆಯ ಅರ್ಜಿ ಬರೆಯಲು ಹೇಳಿದರೆ "ಸೋಮವಾರ ಹೋಗುತ್ತೇನೆ, ಗುರುವಾರ ವಾಪಸ್" ಎಂದು ಒಂದೇ ಸಾಲಲ್ಲಿ ಮುಗಿಸುತ್ತಾರೆ. "ಸ್ವಲ್ಪ ವಿನಯ ಬೆರೆಸಿ ಬರೀರಿ" ಎಂದರೆ, "ಎಷ್ಟು ಬೆರೆಸ್ಬೇಕು ಟೀಚರ್? ಅಪ್ಪಣೆ ಕೊಡಿ" ಎನ್ನುತ್ತಾರೆ. ಅವರ ಹೆಂಡತಿ ಎಲ್ವಿರಾ ಸಿಕ್ಕಾಗಲೆಲ್ಲ ದೂರುತ್ತಾಳೆ: "ಅರೆಪಾ ರೊಟ್ಟಿ ಆರಿ ಕಲ್ಲಾದ್ರೂ ನಾನು 'ತಿನ್ನಿ' ಅನ್ನೋವರೆಗೂ ಮುಟ್ಟಲ್ಲ ಕಣ್ರೀ. ಇವರನ್ನ ಕಟ್ಕೊಂಡು ನಾನು ಕರ್ನಲ್ ಆಗ್ಬಿಟ್ಟೆ!" ಹಾಜರಿಯಲ್ಲಿ 'ಅರ್ಸೇಸಿಯೊ' ಎಂದು ಅವರ ಹುಟ್ಟುಹೆಸರು ಕರೆದರೆ ಪಕ್ಕದವರು ತಿವಿಯಬೇಕು; ಇಪ್ಪತ್ತೆರಡು ವರ್ಷ ಮನೆತನದ ಹೆಸರಿಗಷ್ಟೇ ಓಗೊಟ್ಟ ಕಿವಿ ಅದು. ಆದರೆ ತರಗತಿಗೆ ಬಾರದವರ ಹೆಸರು ಕರೆದರೆ ಮಾತ್ರ ಯಾರೂ ತಿವಿಯದೆಯೇ ದಿಗ್ಗನೆದ್ದು, ಕಿಟಕಿ ಅದುರುವಂತೆ "ಹಾಜರ್!" ಎನ್ನುತ್ತಾರೆ. ತಲೆ ಎತ್ತದೆ ಗುರುತು ಹಾಕುವ ನನ್ನ ಪಟ್ಟಿಯಲ್ಲಿ ಬೇಕರಿಯ ಎಲೀಸಿಯೊ ಎರಡು ವಾರ ಬಾರದೆಯೂ ಒಂದು ದಿನವೂ ತಪ್ಪಿಸಿಲ್ಲ. ವಿಷಯ ಗೊತ್ತಾದ ದಿನ ಗದರಿದೆ: "ಈ ವಯಸ್ಸಲ್ಲಿ ಕಳ್ಳ ಹಾಜರಿ ಹಾಕಿಸ್ತೀರಲ್ಲ, ಸಾರ್ಜೆಂಟ್!" ಅವರು ನೆಟ್ಟಗೆ ನಿಂತೇ ಹೇಳಿದರು: "ತಪ್ಪಾಯ್ತು ಟೀಚರ್, ರೂಢಿ. ಕಾಳಗದಲ್ಲಿ ಸತ್ತೋರ ಹೆಸರನ್ನೂ ನಮ್ಮಲ್ಲಿ ಕರೀತಿದ್ರು. ಉಳಿದೋರು ಯಾರಾದ್ರೂ ಓಗೊಡ್ಬೇಕು. ಇಲ್ದಿದ್ರೆ ಅವ್ರು ಬಂದಿಲ್ಲ ಅಂತ ಆಗ್ಬಿಡುತ್ತಲ್ಲ."