ಗೊಜ್ಜವಲಕ್ಕಿಯ ತೇಗು

ಬೆಳಿಗ್ಗೆ ಆರೂವರೆಗೆ ಆಸ್ಪತ್ರೆಯ ಮಂಚದ ಮೇಲೆ ಕಾತ್ಯಾಯಿನಿಗೆ ಮತ್ತೊಂದು ತೇಗು ಬಂತು. ಹುಣಸೆಹಣ್ಣು, ಸಾರಿನಪುಡಿ. ತಿಂದು ಹನ್ನೊಂದು ತಾಸು ಮೀರಿತ್ತು. ಎದ್ದು ಕೂತಳು, ಮಲಗಿದಳು, ಮತ್ತೆ ಎದ್ದಳು.

"ಒಂದ್ ಕಡೆ ಇರೇ, ಡ್ರಿಪ್ ಕಿತ್ಕೊಂಡ್ ಬರತ್ತೆ," ಎಂದ ಗಂಡ ಕೃಷ್ಣಪ್ರಸಾದ.

ಮೈಸೂರಿನವಳು, ಈಗ ಅಮೆರಿಕದ ಜಾನ್ಸ್ ಕ್ರೀಕ್‌ನಲ್ಲಿ ಮನೆ. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ; ಇತರರ ತಪ್ಪು ಹುಡುಕುವುದಕ್ಕೇ ಸಂಬಳ. ತೂಕ ಇಳಿಸುವ ಇಂಜೆಕ್ಷನ್ ವಾರಕ್ಕೊಂದರಂತೆ ಚುಚ್ಚಿಕೊಂಡು ಏಳು ತಿಂಗಳಲ್ಲಿ ನಲವತ್ತು ಪೌಂಡ್ ಕಳೆದುಕೊಂಡಿದ್ದಳು. ಅಷ್ಟು ಬೇಗ ಇಳಿದರೆ ಪಿತ್ತಕೋಶದಲ್ಲಿ ಕಲ್ಲು ಕಟ್ಟುವುದುಂಟು, ಅವಳಿಗೂ ಕಟ್ಟಿತ್ತು. ಆರು ವಾರ ನೋವು ನುಂಗಿ ಇವತ್ತಿನ ಆಪರೇಷನ್‌ಗೆ ಕಾದಿದ್ದಳು.

ಹಿಂದಿನ ದಿನವಿಡೀ ನೀರು, ತಿಳಿ ಪಾನೀಯ ಮಾತ್ರ ಎಂದು ಆಸ್ಪತ್ರೆ ಹೇಳಿತ್ತು. ನಿನ್ನೆ ಹೇಗೂ ಏಕಾದಶಿ. ನರ್ಸ್ ಕೇಳಿದಾಗ, ನಿನ್ನೆ ಬೆಳಿಗ್ಗೆಯಿಂದ ಉಪವಾಸ ಎಂದಳು. ಸುಳ್ಳು ಎನಿಸಲಿಲ್ಲ, ಅನ್ನ ಮುಟ್ಟಿರಲಿಲ್ಲವಲ್ಲ. ಸಂಜೆಯ ಫಲಾಹಾರವನ್ನು ಅವರ ಮನೆಯಲ್ಲಿ ಯಾರೂ ಊಟವೆಂದು ಎಣಿಸಿದ್ದಿಲ್ಲ. ತೇಗು ಎಣಿಸಿತ್ತು.

ಅರಿವಳಿಕೆ ಕೊಡುವ ಡಾಕ್ಟರ್ ಶಶಿಕಾಂತ್ ಬಂದರು. ಬಾಗಲಕೋಟೆಯವರು. ಇವರಿಬ್ಬರ ಮಾತು ಕಿವಿಗೆ ಬಿದ್ದು ಕನ್ನಡದಲ್ಲೇ ಶುರು ಮಾಡಿದರು.

"ಉಪವಾಸ ಅಂತ ಬರದಾರ. ಯಾವ ಉಪವಾಸರೀ ಅಕ್ಕಾರ? ಆಸ್ಪತ್ರಿದೋ, ಏಕಾದಶಿದೋ?"

ಕೃಷ್ಣಪ್ರಸಾದ ನಕ್ಕ. ಅವಳು ನಗಲಿಲ್ಲ. ಆಸ್ಪತ್ರೆಯದು ಎಂದುಬಿಟ್ಟರೆ ಇನ್ನರ್ಧ ಗಂಟೆಯಲ್ಲಿ ಆಪರೇಷನ್. ಬೆರಳುಗಳು ಹೊದಿಕೆಯ ಅಂಚನ್ನು ಸುತ್ತಿದವು, ಬಿಚ್ಚಿದವು. ಮತ್ತೆ ಹುಳಿ ಗಂಟಲಿಗೆ ಬಂತು.

"ಏಕಾದಶಿದು," ಎಂದಳು. "ಸಂಜೆ ಏಳಕ್ಕೆ ಗೊಜ್ಜವಲಕ್ಕಿ ತಿಂದೆ ಡಾಕ್ಟ್ರೇ. ಒಂಚೂರೇ."

ಡಾಕ್ಟರು ಅವಳ ಹೊಟ್ಟೆಯ ಮೇಲೆ ಸ್ಕ್ಯಾನ್ ಮಾಡಿದರು. ತೆರೆಯ ಮೇಲೆ ಬೂದುಬಣ್ಣದ ಮುದ್ದೆ.

"ನೋಡ್ರಿ, ನಿಮ್ಮ ಫಲಾಹಾರ ಇನ್ನೂ ಅಲ್ಲೇ ಕುಂತೈತಿ. ಈ ತೂಕ ಇಳಸೂ ಇಂಜೆಕ್ಷನ್ ಮಿದುಳಿಗೆ ಹೊಟ್ಟಿ ತುಂಬೇತಿ ಅಂತ ಹೇಳತೈತಿ. ಅಷ್ಟಕ್ಕ ಬಿಡೂದಿಲ್ಲ, ತಿಂದದ್ದನ್ನ ಜಲ್ದಿ ಮುಂದಕ್ಕ ಹೋಗಗೊಡೂದಿಲ್ಲ. ಹಸಿವು ಹೋಗೂದೂ ಅದರಿಂದನ, ವಾಕರಿಕಿ ಬರೂದೂ ಅದರಿಂದನ. ಎಚ್ಚರ ತಪ್ಪಿಸಿದ ಮ್ಯಾಲ ಇದು ಮ್ಯಾಲೆ ಬಂದು ಶ್ವಾಸಕೋಶಕ್ಕ ಇಳದ್ರ ಜೀವಕ್ಕ ಕುತ್ತು."

"ಹಾಗಾದ್ರೆ ಇವತ್ತು ಆಗಲ್ವಾ?"

"ಇವತ್ತ ಬ್ಯಾಡ್ರಿ."

ನರ್ಸ್ ಡ್ರಿಪ್ ತೆಗೆದಳು. ಆಪರೇಷನ್ ಮುಂದಿನ ಗುರುವಾರ ಬೆಳಿಗ್ಗೆ ಏಳಕ್ಕೆ. ಆ ವಾರ ಇಂಜೆಕ್ಷನ್ ಇಲ್ಲ. ಬುಧವಾರವಿಡೀ ನೀರು, ತಿಳಿ ಪಾನೀಯ ಮಾತ್ರ.