ನಲವತ್ತು ಮಕ್ಕಳಿಗೆ ಒಂದೇ ಮನಸ್ಸು

ನಾಸಿಕದಿಂದ ಬೆಳಿಗ್ಗೆ ಆರೂವರೆಯ ಬಸ್ಸು ಹತ್ತಿದಾಗ ಡಾಕ್ಟರ್ ಸುಮಿತ್ರಾ ನನ್ನ ಮೇಲೆ ಮುನಿಸಿಕೊಂಡಿದ್ದರು. ಧಾರವಾಡದ ಈ ಮನೋವೈದ್ಯೆ ಇಲ್ಲಿನ ಮರಾಠಿ ಶಾಲೆಗಳಲ್ಲಿ ಹದಿಹರೆಯದವರ ಮಾನಸಿಕ ತೊಂದರೆಗಳ ಸಮೀಕ್ಷೆ ನಡೆಸುತ್ತಿದ್ದರು, ನಾನು ಸಹಾಯಕಿ. ಮರುದಿನ ಸಂಭಾಜಿನಗರದ ಸಭೆಯಲ್ಲಿ ಶಿಕ್ಷಣ ಇಲಾಖೆಯವರು ನಮ್ಮ ಫಾರ್ಮುಗಳನ್ನು ನೋಡಿಯೇ ಶಾಲೆಗಳಿಗೆ ಆಪ್ತಸಮಾಲೋಚಕರು ಬೇಕೇ ಬೇಡವೇ ಎಂದು ತೀರ್ಮಾನಿಸುವವರಿದ್ದರು. ನಾಸಿಕದ ನಲವತ್ತು ಮಕ್ಕಳೂ ತಮಗೇನೂ ತೊಂದರೆಯಿಲ್ಲ ಎಂದು ಬರೆದಿದ್ದರು.

“ಇದು ಕಾಪಿ, ಮೇಡಂ,” ಎಂದೆ.

“ಹುಡುಗ್ರು ಆರಾಮ ಅದಾರ ಅಂದ್ರ ನಿನಗ್ಯಾಕ ಹೊಟ್ಟಿಕಿಚ್ಚು?”

ಇಲ್ಲಿನ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಅರ್ಧ ಟಿಕೆಟ್ಟು, ವಾದ ಮಾತ್ರ ಪೂರ್ತಿ ನಡೆಯಿತು. ಬಸ್ಸು ಯೇವಲಾದಲ್ಲಿ ನಿಂತಾಗ ಮಿಸಳ್ ತಿನ್ನುತ್ತ ಹದಿನಾಲ್ಕನೆಯ ಪ್ರಶ್ನೆ ತೋರಿಸಿದೆ. ಎಲ್ಲರೂ ಮೊದಲು ‘ಹೌದು’ ಎಂದು ಗುರುತಿಸಿ, ಹೊಡೆದುಹಾಕಿ, ‘ಇಲ್ಲ’ ಎಂದಿದ್ದರು. ಡಾಕ್ಟರ್ ಚಮಚ ಕೆಳಗಿಟ್ಟರು.

“ಹೊಡದಹಾಕಿದ್ದನ್ನೂ ಕಾಪಿ ಮಾಡ್ಯಾರಲ್ಲ ಮಾರಾಯ್ತಿ.”

ತರಗತಿಯೊಳಗೆ ಶಿಕ್ಷಕರ ಕಣ್ಣೆದುರು ಪರೀಕ್ಷೆಯಂತೆ ಕೂರಿಸಿದ್ದೆವು, ಅವರು ಪರೀಕ್ಷೆಯಂತೆಯೇ ಬರೆದಿದ್ದರು. ತಪ್ಪು ನಮ್ಮದು.

ಸಮೀಕ್ಷೆಯ ಮುಂದಿನ ಶಾಲೆಯಿದ್ದ ವೈಜಾಪುರ ತಲುಪಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ಮಕ್ಕಳನ್ನು ಅಂಗಳದ ಬೇವಿನಡಿ ಬೆನ್ನಿಗೆ ಬೆನ್ನು ಮಾಡಿ ಕೂರಿಸಬೇಕು, ಶಿಕ್ಷಕರು ಯಾರೂ ಅಲ್ಲಿರಬಾರದು ಎಂದೆವು. ಮುಖ್ಯೋಪಾಧ್ಯಾಯರು ಒಪ್ಪಲಿಲ್ಲ. ತಮ್ಮ ಮಕ್ಕಳಿಗೆ ಅಂಥದ್ದೇನೂ ಇಲ್ಲ ಎಂದು ಮರಾಠಿಯಲ್ಲಿ ಗದರಿದರು.

“ಇಲ್ಲ ಅಂತಾದರೆ ಬರೆಯಲಿ ಬಿಡಿ, ಸರ್. ಗೆಲ್ಲುವವರು ನೀವೇ,” ಎಂದು ಮರಾಠಿಯಲ್ಲೇ ಉತ್ತರಿಸಿದೆ. ಅವರು ಶಿಕ್ಷಕರನ್ನೆಲ್ಲ ಕರೆದುಕೊಂಡು ಒಳಗೆ ಹೋದರು.

ಹೆಸರು ಬೇಡ, ಅಂಕವಿಲ್ಲ, ಮಾತಾಡಬೇಕೆನಿಸಿದವರು ಗಂಟೆ ಹೊಡೆದ ಮೇಲೆ ಉಳಿಯಿರಿ ಎಂದು ಮಕ್ಕಳಿಗೆ ಹೇಳಿದೆವು. ಫಾರ್ಮುಗಳು ಬಂದವು, ಒಂದರಂತೆ ಇನ್ನೊಂದಿರಲಿಲ್ಲ. ಗಂಟೆ ಹೊಡೆದಾಗ ನಾಲ್ವರು ಉಳಿದರು. ಅವರಲ್ಲಿ ತರಗತಿಗೇ ಮೊದಲಿಗಳಾದ ಸಾನಿಕಾಳೂ ಇದ್ದಳು. ನಮ್ಮ ವಿಜಯಪುರದಿಂದ ವರ್ಗವಾಗಿ ಬಂದ ಬ್ಯಾಂಕ್ ನೌಕರರ ಮಗಳು. ನಮ್ಮ ಕನ್ನಡ ಕೇಳಿ ತಡವರಿಸುತ್ತ ಅವಳೂ ಕನ್ನಡದಲ್ಲೇ ಹೇಳಿದಳು:

“ಒಳಗ ಕೂತಿದ್ರ ಎಲ್ಲಾ ಛಾನ್, ಎಲ್ಲಾ ಚಲೋ ಅಂತ ಬರೀತಿದ್ದೆರಿ. ಎಲ್ಲಾರೂ ನಂದ ನೋಡಿ ಬರೀತಾರ.”

ಡಾಕ್ಟರ್ ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತರು. ಆ ನಾಲ್ವರ ಜೊತೆ ಮಾತು ಮುಗಿಸುವಷ್ಟರಲ್ಲಿ ಮಧ್ಯಾಹ್ನದ ಎರಡು ಬಸ್ಸು ತಪ್ಪಿದವು.

ಮರುದಿನ ಸಂಭಾಜಿನಗರದ ಸಭೆ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ವೈಜಾಪುರಕ್ಕೆ ಆಪ್ತಸಮಾಲೋಚಕಿ ಮಂಜೂರಾದರು; ನಾಸಿಕದಲ್ಲಿ ಸಮೀಕ್ಷೆ ಮತ್ತೆ ಮಾಡಬೇಕೆಂದಾಯಿತು, ಈ ಸಲ ಬಯಲಿನಲ್ಲಿ. ಮರಳುವ ಬಸ್ಸು ವೈಜಾಪುರದಲ್ಲಿ ನಿಂತಾಗ ಡಾಕ್ಟರ್ ಕಿಟಕಿಯಿಂದ ಬಗ್ಗಿ ಶಾಲೆಯ ಕಡೆ ನೋಡಿದರು. ಮಂಜೂರಾತಿಯ ಸುದ್ದಿ ಆಗಲೇ ಮುಟ್ಟಿರಬೇಕು; ಅಂಗಳದಲ್ಲಿ ಮುಖ್ಯೋಪಾಧ್ಯಾಯರು ತಮ್ಮ ಕೋಣೆಯಿಂದ ಎರಡು ಕುರ್ಚಿಗಳನ್ನು ತಾವೇ ಹೊತ್ತು ಬೇವಿನ ಮರದ ಕಡೆ ನಡೆದಿದ್ದರು.